ಡೋಣಿ ಸೀಮೆ: ಬರುವ ನೀರು, ಹೋಗದ ನೀರು

ಡೋಣಿಯಲ್ಲಿ ದೋಣಿ ನಡೆಯುವುದಿಲ್ಲ. ವರ್ಷದ ಬಹುಕಾಲ ಅದರಲ್ಲಿ ಮೊಣಕಾಲು ಮುಳುಗುವಷ್ಟೂ ನೀರಿರುವುದಿಲ್ಲ. ಇದ್ದ ನೀರನ್ನು ಬಾಯಿಗೆ ಹಾಕಿಕೊಂಡರೆ ಉಪ್ಪುಪ್ಪು. ಆದರೆ ಭಾದ್ರಪದ ಕಳೆದು ಆಶ್ವೀಜ ಬರುವ ಹೊತ್ತಿನಲ್ಲಿ ಜತ್ತದ ಕಡೆ ಒಂದು ರಾತ್ರಿ ಮಳೆ ಕಟ್ಟಿ ಹೊಡೆಯಿತೆಂದರೆ, ಬೆಳಗಾಗುವಷ್ಟರಲ್ಲಿ ಅದೇ ಹೊಳೆ ದಂಡೆ ಮೀರಿ ಎರೆಹೊಲಗಳ ಮೇಲೆ ಹಾಸಿಕೊಂಡು ಮಲಗಿರುತ್ತದೆ. ವಿಜಯಪುರ ನಗರದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಸಾರವಾಡದ ಸೇತುವೆ ಮುಳುಗಿದ ದಿನ ಬಬಲೇಶ್ವರದ ಬಸ್ಸು ನಿಲ್ಲುತ್ತದೆ. ನಿನ್ನೆ ಸಂಜೆ ಜಿಲ್ಲಾ ಕೇಂದ್ರದ ಮಗ್ಗುಲಲ್ಲಿದ್ದ ಹಳ್ಳಿ ಇಂದು ಮುಂಜಾನೆ ಕೈಗೆಟುಕದ ದೂರಕ್ಕೆ ಹೋಗಿಬಿಟ್ಟಿರುತ್ತದೆ.

ಹೊಳೆದಂಡೆಯ ಕುಗ್ರಾಮವೆಂದರೆ ನಮ್ಮ ಕಣ್ಣಿಗೆ ಬರುವ ಚಿತ್ರ ಬೇರೆ. ಸದಾ ಸುರಿಯುವ ಮಳೆ, ಹೊತ್ತು ಕಾಣದ ಕಾಡು, ದಡದಲ್ಲಿ ಕಟ್ಟಿದ ಅಂಬಿಗನ ನಾವೆ. ಶರಾವತಿ, ಕಾಳಿಗಳ ಕಣಿವೆಗಳು ಆ ಚಿತ್ರಕ್ಕೆ ಹೊಂದುತ್ತವೆ. ಜಗತ್ತಿನಲ್ಲೇ ದೊಡ್ಡ ಮಳೆಕಾಡಾದ ಅಮೆಜಾನ್ ಸೀಮೆಯಂತೂ ಸರಿಯೇ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯ ಮುಂದೆ ಆರುನೂರು ಮಿಲಿಮೀಟರಿಗೆ ಬಾಯಿಬಿಡುವ ವಿಜಯಪುರವನ್ನು ಇಟ್ಟು ಹೋಲಿಸುವುದೇ ತಮಾಷೆಯೆನಿಸಬಹುದು. ಆದರೂ ಒಂದು ಮಾತಿನಲ್ಲಿ ಅಮೆಜಾನ್ ದಂಡೆಯ ರೈತನೂ ಡೋಣಿ ದಂಡೆಯ ರೈತನೂ ಒಂದೇ ಕಸುಬಿನವರು. ಇಬ್ಬರೂ ಹೊಳೆಯ ನೀರನ್ನು ಹೊಲಕ್ಕೆ ಹಾಯಿಸುವವರಲ್ಲ. ನೀರು ಬಂದು ಹೋದ ಮೇಲೆ ಉಳಿಯುವ ಮಣ್ಣಿನಲ್ಲಿ, ಆ ಮಣ್ಣು ಹಿಡಿದಿಟ್ಟ ಹಸಿಯಲ್ಲಿ ಬೆಳೆ ತೆಗೆಯುವವರು. ವ್ಯತ್ಯಾಸವೆಂದರೆ ಅಮೆಜಾನಿಗೆ ಪಂಚಾಂಗವಿದೆ. ಮನೌಸ್ ಪಟ್ಟಣದ ಬಳಿ ಅದು ಪ್ರತಿವರ್ಷ ಸುಮಾರು ಹತ್ತು ಮೀಟರಿನಷ್ಟು ಏರಿ ಇಳಿಯುತ್ತದೆ. ಏರುವ ತಿಂಗಳು ಯಾವುದು, ಇಳಿಯುವ ತಿಂಗಳು ಯಾವುದು ಎಂಬುದು ದಂಡೆಯ ಜನಕ್ಕೆ ತಿಳಿದಿದೆ, ಅದಕ್ಕೆ ತಕ್ಕಂತೆ ಕಂಬಗಳ ಮೇಲೆ ಮನೆ ಕಟ್ಟಿಕೊಂಡಿದ್ದಾರೆ. ಡೋಣಿಗೆ ಅಂಥ ಪಂಚಾಂಗವಿಲ್ಲ. ಮೂರು ವರ್ಷ ಬಾರದೆ ನಾಲ್ಕನೆಯ ವರ್ಷ ಮೂರು ಸಲ ಬರಬಹುದು.

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತದ ಸೀಮೆಯಲ್ಲಿ ಹುಟ್ಟುವ ಈ ಹೊಳೆ ಪೂರ್ವಕ್ಕೆ ಹರಿದು ತಿಕೋಟಾ, ಬಬಲೇಶ್ವರ ತಾಲ್ಲೂಕುಗಳನ್ನು ಹಾಯ್ದು, ವಿಜಯಪುರ ನಗರವನ್ನು ತನ್ನ ಉತ್ತರಕ್ಕೆ ಬಿಟ್ಟು, ತಾಳಿಕೋಟಿಯ ಮಗ್ಗುಲಿನಿಂದ ಸಾಗಿ ಯಾದಗಿರಿ ಜಿಲ್ಲೆಯ ಸೀಮೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ತಿಕೋಟಾ, ಬಬಲೇಶ್ವರಗಳು ತಾಲ್ಲೂಕುಗಳಾದದ್ದು 2018ರಲ್ಲಿ. ಅಲ್ಲಿಯವರೆಗೆ ಎರಡೂ ವಿಜಯಪುರ ತಾಲ್ಲೂಕಿನೊಳಗೇ ಇದ್ದವು. ಹರನಾಳ, ದಾಶ್ಯಾಳ, ಸಾರವಾಡಗಳಂಥ ಊರುಗಳು ಈ ಹೊಳೆಯ ನೆರೆಹೊರೆಯಲ್ಲಿವೆ. ಡೋಣಿಗೆ ಇಳಿಜಾರು ಕಡಿಮೆ. ಸಪಾಟು ನೆಲದಲ್ಲಿ ಹಾವಿನಂತೆ ಸುತ್ತಿ ಸುತ್ತಿ ಹರಿಯುವುದರಿಂದ ಅದರ ಪಾತ್ರ ಆಳವಾಗಿಲ್ಲ, ಅಗಲವೂ ಹೇಳಿಕೊಳ್ಳುವಷ್ಟಿಲ್ಲ. ದೊಡ್ಡ ನೀರನ್ನು ಹೊತ್ತು ಸಾಗಿಸುವ ಕಸುವು ಈ ಹೊಳೆಗೆ ಹುಟ್ಟಿನಿಂದಲೇ ಇಲ್ಲ. ಈ ಸಂಗತಿಯನ್ನು ಮುಂದಿನ ಕಥೆಗಾಗಿ ನೆನಪಿನಲ್ಲಿಡಬೇಕು.

ಎರೆಯ ಗುಟ್ಟು

ಡೋಣಿ ಸೀಮೆಯ ಸಂಪತ್ತೆಲ್ಲ ಅದರ ಮಣ್ಣಿನಲ್ಲಿದೆ. ದಖ್ಖನಿನ ಕಪ್ಪು ಬಸಾಲ್ಟ್ ಕಲ್ಲು ಯುಗಯುಗಗಳಿಂದ ಸವೆದು, ತೊಳೆದು ಬಂದು, ತಗ್ಗಿನಲ್ಲಿ ಕೂತು ಆದದ್ದು ಈ ಎರೆ. ಇದರ ಜೇಡಿ ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಗೆಯಲ್ಲಿ ಎಳೆಗರುವಿನ ಕಾಲು ಸಿಕ್ಕಿಕೊಳ್ಳುವಷ್ಟು ನೆಲ ಬಾಯಿಬಿಡುತ್ತದೆ. ಮೊದಲ ಮಳೆಗಳು ಆ ಬಿರುಕುಗಳಲ್ಲಿ ಇಳಿದು ಆಳದವರೆಗೆ ತೋಯಿಸುತ್ತವೆ. ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿತೋ, ಹೊಲವೇ ಮುಚ್ಚಳ ಹಾಕಿದ ಹರವಿಯಾಯಿತು. ಒಂದು ಮೀಟರ್ ಆಳದ ಒಳ್ಳೆಯ ಎರೆ ಸುಮಾರು 200 ಮಿಲಿಮೀಟರ್ ಮಳೆಯಷ್ಟು ನೀರನ್ನು ಹಿಡಿದಿಟ್ಟು ಬೆಳೆಗೆ ಕೊಡಬಲ್ಲದು. ಉತ್ತರಿ, ಹಸ್ತಿ ಮಳೆಗೆ ಕೂರಿಗೆ ಹೂಡಿ ಬಿತ್ತಿದ ಬಿಳಿಜೋಳ ಆಮೇಲೆ ಒಂದು ಹನಿ ಬೀಳದಿದ್ದರೂ ಛಳಿಗಾಲದ ಇಬ್ಬನಿಯಲ್ಲಿ ಬೆಳೆದು ಮಾಘ ಫಾಲ್ಗುಣದಲ್ಲಿ ಕಣಕ್ಕೆ ಬರುತ್ತದೆ. ಪರವೂರಿನವರು ಇದನ್ನು ಪವಾಡವೆಂದು ಕರೆದರೆ ಆಶ್ಚರ್ಯವಿಲ್ಲ. ಊರಿನವರಿಗೆ ಇದು ಲೆಕ್ಕ.

ಆ ಲೆಕ್ಕದಲ್ಲಿ ರೈತನ ದುಡಿಮೆ ಸಣ್ಣದೇನಲ್ಲ. ಬೇಸಗೆಯಲ್ಲಿ ರೆಂಟೆ ಹೊಡೆದು ಕರಿಕೆಯ ಬೇರು ಕೀಳಬೇಕು. ಮಳೆಯ ನಡುವೆ ಬಿಡುವು ಸಿಕ್ಕಾಗಲೆಲ್ಲ ಹರಗಬೇಕು. ಬಿತ್ತಿದ ಮೇಲೆ ಎಡೆ ಹೊಡೆದು ಮೇಲ್ಮಣ್ಣನ್ನು ಪುಡಿಮಾಡಿ ಬಿರುಕು ಮುಚ್ಚುತ್ತ ಹೋಗಬೇಕು. ಇಲ್ಲವಾದರೆ ಆ ಬಿರುಕಿನಲ್ಲೇ ಹಸಿ ಆರಿ, ಬೇರು ಹರಿದು ಬೆಳೆ ಬಾಡುತ್ತದೆ. ಜೋಳದ ಸಾಲಿನ ನಡುವೆ ಅಕ್ಕಡಿಯಾಗಿ ಕುಸುಬಿ, ಬೇರೆ ತುಂಡಿನಲ್ಲಿ ಕಡಲೆ, ಜವೆಗೋದಿ. ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜಿ ರೊಟ್ಟಿ, ಕಡಬು, ಎಣ್ಣೆಗಾಯಿಯ ಬುತ್ತಿ ಬಿಚ್ಚುವ ಮೊದಲು ನಿಂತ ಬೆಳೆಗೆ ಚರಗ ಚೆಲ್ಲುತ್ತದೆ. ಆಮೇಲೆ ಹಸಿ ತೆನೆ ಸುಟ್ಟು ತಿಕ್ಕಿ ತಿನ್ನುವ ಸೀತನಿಯ ದಿನಗಳು. ರಾಶಿಯಾದ ಜೋಳ ಹಗೇವಿನಲ್ಲಿ, ಕಣಿಕಿ ಬಣವೆಯಲ್ಲಿ.

‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂಬ ಗಾದೆ ಹುಟ್ಟಿದ್ದು ಈ ಸಮೃದ್ಧಿಯಿಂದ. ‘ಓಣಿಯೆಲ್ಲ ಜೋಳ’ ಎಂಬ ಪಾಠವೂ ಇದೆ. ಗಾದೆಯನ್ನು ಮೆಚ್ಚಿ ಹೇಳುವವರು ಅದರ ಎರಡನೆಯ ಪದದ ‘ರೆ’ಕಾರವನ್ನು ಗಮನಿಸುವುದಿಲ್ಲ. ಬೆಳೆದರೆ! ಬೆಳೆಯದಿದ್ದರೆ ಏನು ಎಂಬುದನ್ನು ಗಾದೆ ಹೇಳದೆ ಬಿಟ್ಟಿದೆ, ಚರಿತ್ರೆ ಹೇಳಿದೆ.

ರಾಜಧಾನಿಯ ಬೆನ್ನಿಗೆ ಹೊಳೆ

1490ರಿಂದ 1686ರವರೆಗೆ ಆದಿಲ್ ಶಾಹಿಗಳ ರಾಜಧಾನಿಯಾಗಿದ್ದ ವಿಜಯಪುರಕ್ಕೆ ನೀರಿನ ಚಿಂತೆ ಎಂದೂ ತಪ್ಪಿದ್ದಲ್ಲ. ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು. ಮಹಮ್ಮದ್ ಆದಿಲ್ ಶಾಹಿಯ ಕಾಲದಲ್ಲಿ ಬೇಗಂ ತಲಾಬು ಕಟ್ಟಿ ಮಣ್ಣಿನ ಕೊಳವೆಗಳ ಮೂಲಕ ಊರೊಳಗೆ ಹಂಚಿದರು. ನಡುನಡುವೆ ನಿಂತ ಗಂಜ್‌ಗಳು, ಅಂದರೆ ನೀರಿನ ಗೋಪುರಗಳು, ಇಂದಿಗೂ ಅದಕ್ಕೆ ಸಾಕ್ಷಿ. ಅದೇ ದೊರೆಯ ಹೆಸರು ಹೊತ್ತ, ಇಂದು ಬಬಲೇಶ್ವರ ತಾಲ್ಲೂಕಿನಲ್ಲಿರುವ ಮಮದಾಪುರದಲ್ಲಿ ದೊಡ್ಡ ಕೆರೆ ಕಟ್ಟಿಸಿದರು. ಇಷ್ಟೆಲ್ಲ ಮಾಡಿದವರು ಸಮೀಪದಲ್ಲೇ ಹರಿಯುವ ಡೋಣಿಯ ನೀರನ್ನು ರಾಜಧಾನಿಗೆ ತರಲಿಲ್ಲ. ಆ ನೀರಿನ ರುಚಿ ಗೊತ್ತಿದ್ದವರಿಗೆ ಕಾರಣ ಕೇಳಬೇಕಾಗಿಲ್ಲ. ಹೊಳೆಯಿಂದ ಅವರು ಬಯಸಿದ್ದು ನೀರನ್ನಲ್ಲ, ಕಾಳನ್ನು. ದಖ್ಖನಿನ ಸುಲ್ತಾನರ ಕೂಡುಸೇನೆಗಳು 1564ರ ಡಿಸೆಂಬರಿನಲ್ಲಿ ತಾಳಿಕೋಟಿಯಲ್ಲಿ ಬೀಡುಬಿಟ್ಟು, ಆಮೇಲೆ ಕೃಷ್ಣೆ ದಾಟಿ 1565ರ ಜನವರಿಯಲ್ಲಿ ವಿಜಯನಗರದ ಸೈನ್ಯವನ್ನು ಎದುರಿಸಿದವು. ಡೋಣಿ ಸೀಮೆಯಲ್ಲಿ ಅದು ಬಿಳಿಜೋಳ ತೆನೆ ಹಿಡಿಯುವ ಕಾಲ. ಯುದ್ಧದ ಚರಿತ್ರೆ ಬರೆದವರು ಆನೆ ಕುದುರೆ ಫಿರಂಗಿಗಳನ್ನು ಎಣಿಸಿದ್ದಾರೆ. ಅವಕ್ಕೆ ಮೇವು ಒದಗಿಸಿದ ಹೊಲಗಳ ಲೆಕ್ಕ ಇಡುವ ಗೋಜಿಗೆ ಹೋಗಿಲ್ಲ.

ಗಾದೆ ಹೇಳದೆ ಬಿಟ್ಟ ಮಾತು 1876ರಲ್ಲಿ ಕಣ್ಣಿಗೆ ಕಂಡಿತು. ಮುಂಗಾರು ಕೈಕೊಟ್ಟ ಮೇಲೆ ಹಿಂಗಾರೂ ಕೈಕೊಟ್ಟಿತು. ಎರೆಹೊಲ ತೋಯದಿದ್ದರೆ ಅದರಷ್ಟು ಬರಡು ಬೇರಿಲ್ಲ. ಬಾಯಿಬಿಟ್ಟ ಗಟ್ಟಿ ಹೆಂಟೆಗಳ ಮೇಲೆ ಬೀಜ ಚೆಲ್ಲುವುದೂ ಸಾಧ್ಯವಿಲ್ಲ. ಆಗ ಈ ಸೀಮೆ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿತ್ತು. 1872ರ ಗಣತಿಯಲ್ಲಿ 8 ಲಕ್ಷ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6.4 ಲಕ್ಷಕ್ಕೆ ಇಳಿದಿತ್ತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಐದರಲ್ಲೊಬ್ಬರು ಇಲ್ಲವಾದರು ಎಂಬುದಂತೂ ಆ ಅಂಕಿಗಳ ಅರ್ಥ. ಸರಕಾರ ಕಲಿತ ಪಾಠ ರೈಲಿನದು. ಬರದ ವರ್ಷ ಹೊರಗಿನಿಂದ ಕಾಳು ತರಲೆಂದೇ ಯೋಜಿಸಿದ ಹೋಟಗಿ–ಗದಗ ಮಾರ್ಗ 1884ರಲ್ಲಿ ತೆರೆಯಿತು. ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ರೈಲು ಕಾಳನ್ನು ತಂದಷ್ಟೇ ಸರಾಗವಾಗಿ ಹತ್ತಿಯನ್ನು ಒಯ್ಯಿತು ಎಂಬುದು ಬೇರೆ ಮಾತು.

ಒಡ್ಡು ಹಾಕಿದ ಕಾಲ

ಮಣ್ಣಿನ ಕಡೆ ಸರಕಾರದ ಕಣ್ಣು ಹೊರಳಿದ್ದು ಅರ್ಧ ಶತಮಾನದ ಮೇಲೆ. ವಿಜಯಪುರದಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರ ಪ್ರಾರಂಭವಾದದ್ದು 1933ರಲ್ಲಿ. ಮುಂದೆ 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯ ಬೆನ್ನಿಗೆ, ಬರಗಾಲದ ಪರಿಹಾರ ಕಾಮಗಾರಿಯಾಗಿ, ಸೊಲ್ಲಾಪುರ ವಿಜಯಪುರಗಳ ಹೊಲಗಳಲ್ಲಿ ಸಮಪಾತಳಿಯ ಒಡ್ಡುಗಳು ಎದ್ದವು. ಬಿದ್ದ ಮಳೆಯನ್ನು ಬಿದ್ದಲ್ಲೇ ನಿಲ್ಲಿಸು ಎಂಬುದು ಅದರ ತತ್ವ. ಮಸಾರಿ ಮತ್ತು ತೆಳು ಎರೆಯಲ್ಲಿ ಇದು ಫಲಿಸಿತು. ಡೋಣಿಯ ಪಕ್ಕದ ಆಳವಾದ ಎರೆಯಲ್ಲಿ ಮಾತ್ರ ಎಡವಟ್ಟಾಯಿತು. ಒಡ್ಡಿನ ಹಿಂದೆ ನಿಂತ ನೀರು ಒಮ್ಮೆ ನೆಲ ಮುಚ್ಚಿಕೊಂಡ ಮೇಲೆ ಇಂಗಲೊಲ್ಲದು. ದಿನಗಟ್ಟಲೆ ನಿಂತು ಬಿತ್ತಿಗೆ ತಡೆಯಿತು, ಬಿತ್ತಿದ್ದನ್ನು ಕೊಳೆಸಿತು. ಬೇಸಗೆಯಲ್ಲಿ ಒಡ್ಡಿನ ಮಣ್ಣೇ ಬಿರುಕುಬಿಟ್ಟು ಮುಂದಿನ ಮಳೆಗೆ ಒಡೆಯಿತು. ಎಷ್ಟೋ ಕಡೆ ರೈತರೇ ಒಡ್ಡು ಕಡಿದು ನೀರು ಬಿಟ್ಟರು. ಅಧಿಕಾರಿಗಳಿಗೆ ಇದು ಹಟಮಾರಿತನವಾಗಿ ಕಂಡಿರಬಹುದು. ಮಣ್ಣಿನ ಸ್ವಭಾವ ಅರಿತವರ ವಿವೇಕವದು.

ಮುಂದೆ ಸಂಶೋಧಕರೂ ಅದೇ ದಾರಿಗೆ ಬಂದರು. ಆಳವಾದ ಎರೆಗೆ ಸಮಪಾತಳಿ ಒಡ್ಡು ಸಲ್ಲದು, ಸ್ವಲ್ಪ ಇಳಿಜಾರು ಕೊಟ್ಟು ಹೆಚ್ಚಿನ ನೀರು ಮೆಲ್ಲಗೆ ಹೊರಹೋಗುವಂತೆ ಮಾಡಬೇಕು, ಹೊಲದೊಳಗೆ ಸಣ್ಣ ಚೌಕುಮಡಿಗಳನ್ನು ಮಾಡಿ ಮುಂಗಾರಿನ ಮಳೆಯನ್ನು ಇಂಗಿಸಬೇಕು ಎಂಬ ಪದ್ಧತಿ ನೆಲೆಗೊಂಡಿತು. ಇಂದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿರುವ ವಿಜಯಪುರದ ಕೇಂದ್ರದ ಹೆಸರು ಒಣಬೇಸಾಯದ ಜಗತ್ತಿನಲ್ಲಿ ಪರಿಚಿತವಾಗಿರುವುದು ಇಂಥ ಕೆಲಸಗಳಿಂದ. ನೀರು ನಿಲ್ಲಿಸುವುದರಷ್ಟೇ ಬಿಡುವುದೂ ಮುಖ್ಯ ಎಂಬುದನ್ನು ಒಂದೊಂದು ಹೊಲದ ಮಟ್ಟಿಗೆ ಎಲ್ಲರೂ ಒಪ್ಪಿದರು. ಇಡೀ ಕಣಿವೆಯ ಮಟ್ಟಿಗೆ ಆ ಮಾತು ಮುಂದುವರಿಯಲಿಲ್ಲ.

ಈ ನಡುವೆ ಹೊಳೆಯ ಪಾತ್ರವೇ ಬದಲಾಯಿತು. ಸುತ್ತಲ ಹೊಲಗಳಿಂದ ತೊಳೆದು ಬಂದ ಎರೆಮಣ್ಣು ವರ್ಷ ವರ್ಷವೂ ತಳದಲ್ಲಿ ಕೂತಿತು. ಹೂಳಿನ ಮೇಲೆ ಬಳ್ಳಾರಿ ಜಾಲಿಯ ಕಂಟಿ ಬೆಳೆದು, ಆ ಕಂಟಿ ಮತ್ತಷ್ಟು ಹೂಳನ್ನು ತಡೆದು ನಿಲ್ಲಿಸಿತು. ಹೊಳೆಗೆ ಕೂಡುವ ಹಳ್ಳಗಳ ಅಂಚನ್ನು ಒಬ್ಬೊಬ್ಬರು ಒಂದೊಂದು ಸಾಲು ಒತ್ತಿ ಉಳುತ್ತ ಬಂದರು. ಹುಟ್ಟಿನಿಂದಲೇ ಆಳವಿಲ್ಲದ ಹೊಳೆ ಇದರಿಂದ ಇನ್ನಷ್ಟು ಮೇಲಕ್ಕೆ ಬಂತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದು ಹಸ್ತಿ ಮಳೆಯ ಕಾಲ. ಯಾವ ಮಳೆಗೆ ಡೋಣಿ ಸೀಮೆಯ ರೈತ ಕೂರಿಗೆ ಹೂಡಿ ಕಾಯುತ್ತಾನೋ ಅದೇ ಮಳೆ. ಹಾಗೆ ಮುಳುಗಿದ ಹೊಲಕ್ಕೆ ಕಾಲಿಡಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಜೋಳ ಬಿತ್ತುವ ಹೊತ್ತು ಮೀರಿ, ಕಡಲೆಗೆ ತಿರುಗಬೇಕಾಗುತ್ತದೆ. ಎರಡನೆಯ ಸಲ ಹೊಳೆ ಬಂದರೆ ಅದೂ ಇಲ್ಲ.

ಮೇಲಾದ ಮಡ್ಡಿ, ಕೆಳಗಾದ ಎರೆ

ಇದಕ್ಕಿಂತ ವಿಚಿತ್ರವಾದ ಬದಲಾವಣೆ ಭೂಮಿಯ ಬೆಲೆಯಲ್ಲಿ ಆಗಿದೆ. ಹಿಂದೆ ಹೆಣ್ಣು ಕೊಡುವವರು, ಸಾಲ ಕೊಡುವವರು ಕೇಳುತ್ತಿದ್ದದ್ದು ಎರೆ ಎಷ್ಟಿದೆ ಎಂದು. ಕಲ್ಲು ಗರಸಿನ ಮಡ್ಡಿ ಹೊಲದವನಿಗೆ ಸಜ್ಜೆ, ಹುರುಳಿಯೇ ಗತಿ. ಕೊಳವೆಬಾವಿ ಬಂದ ಮೇಲೆ ತಿಕೋಟಾ ಸುತ್ತಲಿನ ಅದೇ ಮಡ್ಡಿಯಲ್ಲಿ ದ್ರಾಕ್ಷಿಯ ಚಪ್ಪರ ಎದ್ದಿತು. ದ್ರಾಕ್ಷಿಯ ಬೇರಿಗೆ ನೀರು ಬೇಕು, ನಿಂತ ನೀರು ಬೇಡ. ಗರಸು ನೆಲ ಬೇಗ ಬಸಿಯುವುದರಿಂದ ಅದಕ್ಕೆ ಒಗ್ಗಿತು. ಹಸಿ ದ್ರಾಕ್ಷಿಯ ಜೊತೆಗೆ ಒಣದ್ರಾಕ್ಷಿಯ ಶೆಡ್ಡುಗಳು, ಮಣೂಕದ ವ್ಯಾಪಾರ, ವಿಜಯಪುರದ ಮಾರುಕಟ್ಟೆ ಬೆಳೆದವು. ಬರದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ಕೊಂಡು ಬಳ್ಳಿ ಉಳಿಸಿಕೊಂಡವರ ಸಾಲದ ಕಥೆ ಬೇರೆಯೇ ಇದೆ. ಅದೇನೇ ಇರಲಿ, ನೆಲದ ಶ್ರೇಣಿ ತಲೆಕೆಳಗಾಯಿತು. ತಗ್ಗಿನ ಎರೆ ಇದ್ದಲ್ಲೇ ಉಳಿಯಿತು. ಬಿಳಿಜೋಳದ ಜಾಗದಲ್ಲಿ ತೊಗರಿ, ಮೆಕ್ಕೆಜೋಳ ಬಂದವು. ಜೋಳ ಕಡಿಮೆಯಾದಲ್ಲಿ ಕಣಿಕಿ ಕಡಿಮೆ, ಕಣಿಕಿ ಇಲ್ಲದಲ್ಲಿ ಎತ್ತು ಕಡಿಮೆ, ಎತ್ತು ಇಲ್ಲದಲ್ಲಿ ಎಡೆ ಹೊಡೆಯುವವರೂ ಕಡಿಮೆ. ಇತ್ತ ದಂಡೆಯ ಊರುಗಳ ಯುವಕರಿಗೆ ಗೋವಾ, ಪುಣೆ, ಬೆಂಗಳೂರುಗಳ ದಾರಿ ಚೆನ್ನಾಗಿ ಗೊತ್ತಿದೆ.

ಈಗ ಕೃಷ್ಣೆಯ ನೀರು ಬಂದಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಯೋಜನೆಯ ನೀರು ವಿಜಯಪುರದ ಎತ್ತರದ ನೆಲಕ್ಕೆ ಏರಲು ಎರಡು ತಲೆಮಾರು ಹಿಡಿಯಿತು. ಮುಳವಾಡ ಏತ ನೀರಾವರಿ, ತುಬಚಿ–ಬಬಲೇಶ್ವರ ಏತ ನೀರಾವರಿಗಳಿಂದ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಒಣಗಿದ ಕೆರೆಗಳು ತುಂಬಿವೆ. ಅಂತರ್ಜಲ ಮೇಲೆ ಬಂದಿದೆ, ಟ್ಯಾಂಕರಿಗೆ ಕಾಯುತ್ತಿದ್ದ ಊರುಗಳು ನೆಮ್ಮದಿಯ ಉಸಿರು ಬಿಟ್ಟಿವೆ. ಇದು ಸಣ್ಣ ಸಾಧನೆಯಲ್ಲ. 2022ರ ಕೊನೆಯಲ್ಲಿ, ಗಡಿ ವಿವಾದದ ಕಾವಿನ ನಡುವೆ, ತುಬಚಿ–ಬಬಲೇಶ್ವರದ ನೀರು ಗಡಿಯಾಚೆ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳ ಕೆರೆಗೂ ಹರಿಯಿತು. ಡೋಣಿ ಹುಟ್ಟುವ ಸೀಮೆಗೇ ಕೃಷ್ಣೆಯ ನೀರು ಹೋದಂತಾಯಿತು.

ಆದರೆ ಏರಿಸಿದ ನೀರು ಎಲ್ಲಿಗೆ ಇಳಿಯುತ್ತದೆ? ಮಡ್ಡಿಯ ಮೇಲೆ ಹಾಯಿಸಿದ ನೀರಿನಲ್ಲಿ ಬೆಳೆ ಕುಡಿದು ಉಳಿದದ್ದು ಗರಸಿನೊಳಗೆ ಬಸಿದು, ನೆಲದಡಿಯಲ್ಲಿ ಮೆಲ್ಲಗೆ ತಗ್ಗಿಗೆ ಸರಿಯುತ್ತದೆ. ಆ ತಗ್ಗು ಡೋಣಿಯ ಎರೆ. ಅಲ್ಲಿ ಉಪ್ಪಿನ ಕೊರತೆ ಇಲ್ಲ. ಮಳೆ ಕಡಿಮೆ, ಬಿಸಿಲು ಹೆಚ್ಚು. ಬಸಾಲ್ಟಿನಿಂದ ಬಿಡುಗಡೆಯಾದ ಲವಣಗಳನ್ನು ತೊಳೆದು ಒಯ್ಯುವಷ್ಟು ನೀರು ಈ ಕಣಿವೆಯಲ್ಲಿ ಎಂದೂ ಹರಿದಿಲ್ಲ. ಡೋಣಿಯ ನೀರು ಸವಳಾಗಿರುವುದಕ್ಕೆ ಅದೇ ಕಾರಣ. ಅಂತರ್ಜಲ ಬೇರಿನ ಮಟ್ಟಕ್ಕೆ ಏರಿದರೆ ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ರೈತರ ಬಾಯಲ್ಲಿ ಇದಕ್ಕೆ ಎರಡೇ ಪದ: ಸವಳು, ಜವಳು. ಮೊದಲನೆಯದು ಉಪ್ಪು, ಎರಡನೆಯದು ಒಸರು. ಒಂದರ ಹಿಂದೆ ಇನ್ನೊಂದು. ಕೃಷ್ಣೆಯ ಮೇಲ್ದಂಡೆಯಲ್ಲಿ, ಸಾಂಗಲಿ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ, ಒಂದು ಕಾಲಕ್ಕೆ ಚಿನ್ನದ ಬೆಲೆಯ ಎರೆ ಹೀಗೆ ಬಿಳಿ ಪುಡಿ ಹೊತ್ತು ಬಿದ್ದಿದೆ. ಮಲಪ್ರಭಾ, ಘಟಪ್ರಭಾ, ತುಂಗಭದ್ರಾ ಅಚ್ಚುಕಟ್ಟುಗಳಿಗೂ ಈ ಅನುಭವ ಹೊಸದಲ್ಲ. ಅಲ್ಲೆಲ್ಲ ಕಾಲುವೆ ಮೊದಲು ಬಂತು, ಬಸಿಗಾಲುವೆಯ ನೆನಪು ಹೊಲ ಕೆಟ್ಟ ಮೇಲೆ ಬಂತು.

ಕೆಟ್ಟ ಹೊಲ ಸುಧಾರಿಸದೆಂದಲ್ಲ. ಬೆಳಗಾವಿ ಜಿಲ್ಲೆಯ ಉಗಾರದ ಸುತ್ತ ರಂಧ್ರವಿರುವ ಕೊಳವೆಗಳನ್ನು ನೆಲದಡಿ ಹೂತು, ಒಸರನ್ನು ಬಸಿದು ಹೊರಹಾಕಿ ಕಬ್ಬಿನ ಹೊಲಗಳನ್ನು ಮರಳಿ ಪಡೆದಿದ್ದಾರೆ. ಗಂಗಾವತಿಯ ಸಂಶೋಧನಾ ಕೇಂದ್ರ ದಶಕಗಳಿಂದ ಇದೇ ವಿದ್ಯೆಯಲ್ಲಿ ತೊಡಗಿದೆ. ಖರ್ಚು ಬಹಳ, ಒಬ್ಬ ರೈತನಿಂದ ಆಗುವ ಕೆಲಸವಲ್ಲ. ತನ್ನ ಹೊಲ ಬಸಿದರೆ ನೀರು ಪಕ್ಕದವನ ಹೊಲಕ್ಕೆ ಹೋಗುತ್ತದೆ, ಪಕ್ಕದವನದು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ. ಕೊನೆಗೆ ಹೊಳೆ ಆ ನೀರನ್ನು ಒಯ್ಯುವಂತಿರಬೇಕು. ಸುತ್ತಿ ಬಂದು ಮತ್ತೆ ಡೋಣಿಯ ಹೂಳಿಗೇ ನಿಲ್ಲಬೇಕಾಗುತ್ತದೆ.

ಹೂಳು ತೆಗೆಯಬೇಕೆಂಬ ಬೇಡಿಕೆ ದಂಡೆಯ ಊರುಗಳಲ್ಲಿ ಹಳೆಯದು. ಚುನಾವಣೆ ಬಂದಾಗಲೆಲ್ಲ ಹೊಸದಾಗುತ್ತದೆ. ಅದನ್ನು ಹೊಳೆಯನ್ನು ನೆಟ್ಟಗೆ ಅಗೆದುಬಿಡುವ ಕೆಲಸವೆಂದು ತಿಳಿದರೆ ಅಪಾಯವೂ ಇದೆ. ತಿರುವುಗಳನ್ನು ಕಡಿದು ನೇರ ಮಾಡಿದ ಹೊಳೆ ಮೇಲಿನ ಊರಿನ ನೀರನ್ನು ಕೆಳಗಿನ ಊರಿಗೆ ಬೇಗ ಮುಟ್ಟಿಸುತ್ತದೆ, ಅಷ್ಟೇ. ಸಾರವಾಡದಲ್ಲಿ ತಪ್ಪಿದ್ದು ತಾಳಿಕೋಟಿಯಲ್ಲಿ ಕಾಡುತ್ತದೆ. ಮೇಲಿನ ಹೊಲಗಳ ಮಣ್ಣು ಹಿಡಿಯದೆ ಪಾತ್ರದ ಹೂಳು ತೆಗೆದರೆ ಕೆಲವೇ ಮಳೆಗಾಲಗಳಲ್ಲಿ ಮತ್ತೆ ತುಂಬುತ್ತದೆ. ಜಾಲಿಯ ಬೇರು ಉಳಿದರೆ ಅದು ಇನ್ನೂ ಬೇಗ ಚಿಗುರುತ್ತದೆ. ಕೆಲಸ ಶುರುವಾಗಬೇಕಾದದ್ದು ಜತ್ತದ ದಿನ್ನೆಯಿಂದ ಮತ್ತು ಒತ್ತುವರಿಯಾದ ಹಳ್ಳಗಳಿಂದ. ಮೊದಲನೆಯದು ಇನ್ನೊಂದು ರಾಜ್ಯದಲ್ಲಿದೆ. ಎರಡನೆಯದು ಊರವರ ಸ್ವಂತ ಹೊಲಗಳಲ್ಲಿದೆ. ಯಾವುದು ಹೆಚ್ಚು ಕಷ್ಟವೆಂದು ಹೇಳುವುದು ಸುಲಭವಲ್ಲ.

ಸೇತುವೆಗಳನ್ನು ಎತ್ತರಿಸಿದರೆ ಬಸ್ಸು ನಿಲ್ಲುವುದಿಲ್ಲ, ಶಾಲೆಯ ಮಕ್ಕಳು ದಂಡೆಯಲ್ಲಿ ಕಾಯಬೇಕಾಗುವುದಿಲ್ಲ. ಹೊಲದಲ್ಲಿ ನಿಂತ ನೀರಿಗೆ ಅದರಿಂದ ದಾರಿಯಾಗುವುದಿಲ್ಲ. ಏತ ನೀರಾವರಿಯ ಕಾಲುವೆ ಎಲ್ಲೆಲ್ಲಿ ಹೋಗುತ್ತದೆಂಬ ನಕ್ಷೆ ತಿಕೋಟಾ, ಬಬಲೇಶ್ವರದ ಪ್ರತಿಯೊಬ್ಬ ರೈತನ ತಲೆಯಲ್ಲಿದೆ. ಬಸಿಗಾಲುವೆಯ ನಕ್ಷೆಯೂ ಅದರ ಪಕ್ಕದಲ್ಲಿ ಮೂಡಬೇಕಾದ ಕಾಲ ಇದು: ದಂಡೆಯ ಬಾವಿಗಳಲ್ಲಿ ನೀರು ಇನ್ನೂ ಆಳದಲ್ಲಿರುವಾಗ, ಎರೆಯ ಮೇಲೆ ಬಿಳಿ ಪುಡಿ ಕಾಣಿಸುವ ಮೊದಲು.